ವಾಲ್ವಿನ ತಲೆಗೆ ಒದ್ದೆ ಬಟ್ಟೆ

ಏಪ್ರಿಲ್ ತಿಂಗಳಲ್ಲಿ, ಅದೂ ಜಿಗಣಿಯಲ್ಲಿ, ಮನೆ ಬಿಸಿ ಮಾಡಿ ತೋರಿಸು ಅಂದರೆ ಯಾರಾದರೂ ನಗುತ್ತಾರೆ. ಈರೇಶ ನಗಲಿಲ್ಲ. ಯಾಕೆಂದರೆ ಹಾಗೆ ಹೇಳಿದವರು ಕಾರ್ಖಾನೆಯ ಓನರ್ ಶ್ರೀಧರ್. ಹೇಳಿದ ಮೇಲೆ ಇನ್ನೊಂದು ಮಾತನ್ನೂ ಸೇರಿಸಿದ್ದರು: "ಇವತ್ತು ಆರ್ಡರ್ ಸಿಕ್ಕಿದ್ರೆ ನೀನು ಪರ್ಮನೆಂಟ್ ಕಣಯ್ಯ."

ನಾಲ್ಕು ವರ್ಷದಿಂದ ಈರೇಶ ಅಲ್ಲಿ ಕಾಂಟ್ರಾಕ್ಟ್ ಹೆಲ್ಪರ್. ಕೇಳಿದಾಗಲೆಲ್ಲ "ಯುಗಾದಿ ಬರಲಿ, ನೋಡೋಣ" ಅನ್ನುತ್ತಿದ್ದರು. ಯುಗಾದಿಯೇನೋ ಪಾಪ, ಒಂದು ವರ್ಷವೂ ತಪ್ಪಿಸಿಕೊಂಡಿರಲಿಲ್ಲ.

ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ಚಳಿದೇಶದ ಮನೆಗಳಿಗೆ ಬೇಕಾದ ವಾಲ್ವು. ಅಲ್ಲಿ ಕೋಣೆ ಕೋಣೆಯ ಗೋಡೆಗೂ ಕಬ್ಬಿಣದ ರೇಡಿಯೇಟರ್ ಇರುತ್ತದಂತೆ. ಬಾಯ್ಲರಿನ ಬಿಸಿನೀರು ಅದರ ಹೊಟ್ಟೆಯೊಳಗೆ ಓಡಾಡಿದರೆ ಕೋಣೆ ಬೆಚ್ಚಗಾಗುತ್ತದೆ. ಅದರ ಮೂತಿಗೆ ಈ ವಾಲ್ವು ಸಿಕ್ಕಿಸಿ, ಹಾಲಿಗೆ ಇಷ್ಟು, ಬೆಡ್‌ರೂಮಿಗೆ ಇಷ್ಟು ಅಂತ ಮೊಬೈಲಿನಲ್ಲಿ ಹೇಳಿದರೆ ಸಾಕು. ತಾನೇ ತೆರೆದುಕೊಳ್ಳುತ್ತದೆ, ತಾನೇ ಮುಚ್ಚಿಕೊಳ್ಳುತ್ತದೆ. ಮದುವೆಯಾದ ಹೊಸದರಲ್ಲಿ ಗಂಡ ಇರುತ್ತಾನಲ್ಲ, ಅಷ್ಟು ವಿಧೇಯ.

ಕೊಳ್ಳುವವರಿಗೆ ತೋರಿಸಲೆಂದು ಶೆಡ್ಡಿನ ಮೂಲೆಯಲ್ಲಿ ಮೂರು ಕೋಣೆಯ ಮಾದರಿ ಮನೆ ಕಟ್ಟಿದ್ದರು. ಅದರ ಉಸ್ತುವಾರಿ ಈರೇಶನದು. ಆರ್ಡರ್ ಕೊಡಬೇಕಾಗಿದ್ದ ಹೊರದೇಶದ ಮೇಡಂ ಮಧ್ಯಾಹ್ನ ಬರುವವರಿದ್ದರು. ಅವರನ್ನು ಕರೆತರಲು ಇಂಜಿನಿಯರ್ ರಕ್ಷಿತಾ ಏರ್‌ಪೋರ್ಟಿಗೆ ಹೋಗಿದ್ದಳು.

ಬೆಳಿಗ್ಗೆ ಈರೇಶ ಬಾಯ್ಲರ್ ಹಚ್ಚಿ, ಮೊಬೈಲಿನಲ್ಲಿ ಹಾಲಿಗೆ ಇಪ್ಪತ್ತೊಂದು ಡಿಗ್ರಿ ಒತ್ತಿದ. ವಾಲ್ವು ಮಿಸುಕಲಿಲ್ಲ. ಮೂರೂ ಕೋಣೆಗೆ ಇಪ್ಪತ್ತೆಂಟು ಒತ್ತಿದ. ಅದಕ್ಕಿಂತ ಮೇಲೆ ಅಂಕಿಯೇ ಇಲ್ಲ. ಆದರೆ ಆ ತಗಡಿನ ಶೆಡ್ಡು ತಿಂಡಿಯ ಹೊತ್ತಿಗೇ ಮೂವತ್ತು ದಾಟಿತ್ತು. ಕೋಣೆ ಆಗಲೇ ಕಾದಿದೆಯಲ್ಲ, ನನ್ನದೇನು ಕೆಲಸ ಅಂತ ವಾಲ್ವು ಹೊಟ್ಟೆ ತುಂಬಿದ ಎಮ್ಮೆಯ ಹಾಗೆ ಕಣ್ಣು ಮುಚ್ಚಿ ಕೂತಿತ್ತು.

ರಕ್ಷಿತಾಗೆ ಫೋನ್ ಮಾಡಿದ. ತೆಗೆಯಲಿಲ್ಲ. ಅಷ್ಟರಲ್ಲಿ ಅವನ ಅವ್ವ ಹೊಳೆವ್ವನ ಫೋನ್ ಬಂತು.

"ಯಪ್ಪಾ, ಪರ್ಮನೆಂಟ್ ಆತೇನು?"

"ಇನ್ನೂ ಇಲ್ಲಬೇ. ಮಧ್ಯಾಹ್ನದ ಮ್ಯಾಲೆ."

"ಅಯ್ಯ, ನಾ ಆಗಲೇ ವಠಾರಕ್ಕೆಲ್ಲ ಪೇಡೆ ಹಂಚೀನಲ್ಲೋ. ಲಗೂನ ಆಗು."

ಈರೇಶನ ಮುಖ ನೋಡಿ ಗೇಟಿನ ಕಾವಲುಗಾರ ಕಾಡಪ್ಪ ಒಳಗೆ ಬಂದ. ವಿಷಯ ಕೇಳಿ ಗಲ್ಲದ ಮೇಲೆ ಬೆರಳಿಟ್ಟ.

"ಬಿಸಿ ಮಾಡೋ ಮಷಿನ್ನು ಓಡಾಕ ಮೊದ್ಲು ಮನಿ ತಂಪು ಮಾಡ್ಬೇಕು? ಒಲಿ ಹಚ್ಚಾಕ ನೀರು ಹೊಯ್ದಂಗಾತಲ್ಲೋ."

"ನಗಬ್ಯಾಡ ಕಾಕಾ. ಏನರ ದಾರಿ ಹೇಳು."

ಕಾಡಪ್ಪ ದಾರಿ ಹೇಳುವವನಲ್ಲ, ಮಾಡಿಯೇ ಬಿಡುವವನು. ಮೀನಿನ ಅಂಗಡಿಗೆ ಹೋಗಿ ಗೋಣಿಚೀಲದ ತುಂಬ ಐಸು ಹೊತ್ತು ತಂದು ವಾಲ್ವುಗಳ ಬುಡಕ್ಕೆ ಸುರಿದ. ಮಾದರಿ ಮನೆ ಮಂಗಳೂರಿನ ಬಂದರಿನಂತೆ ನಾರತೊಡಗಿತು. ಈರೇಶನ ಮೊಬೈಲು ಟಿಂಗ್ ಅಂದಿತು: 'ಕಿಟಕಿ ತೆರೆದಿದೆ. ದಯವಿಟ್ಟು ಮುಚ್ಚಿ.'

ದಿಢೀರನೆ ತಣ್ಣಗಾದರೆ ಯಾರೋ ಕಿಟಕಿ ತೆಗೆದರು ಅಂತ ತಿಳಿದು ಇನ್ನೂ ಬಿಗಿಯಾಗಿ ಮುಚ್ಚಿಕೊಳ್ಳುವ ಜಾತಿ ಅದು. ಕಾಡಪ್ಪ ಮೂರೂ ಕೋಣೆ ಸುತ್ತಿ ಮುಚ್ಚಿದ್ದ ಕಿಟಕಿಗಳನ್ನೆಲ್ಲ ಇನ್ನೊಮ್ಮೆ ಮುಚ್ಚಿದ. ಮೊಬೈಲು ಮತ್ತೆ ಟಿಂಗ್ ಅಂದಿತು.

"ಸುಳ್ಳು ಹೇಳ್ತದ ಇದು," ಅಂದ ಕಾಡಪ್ಪ. "ನಮ್ಮ ಅಳಿಯನಂಗೇ."

ಗಲಾಟೆ ಕೇಳಿ ಲೇತ್ ಮಷಿನ್ನಿನ ಸಿದ್ರಾಮ, ಕ್ಯಾಂಟೀನಿನ ಬಸಕ್ಕ ಇಬ್ಬರೂ ಬಂದರು. ಸಿದ್ರಾಮ ಡಾಕ್ಟರನ ಹಾಗೆ ವಾಲ್ವನ್ನು ಮುಟ್ಟಿ ನೋಡಿದ.

"ಇದಕ್ಕ ಜ್ವರ ಬಂದೈತಿ. ಐಸಿನಾಗ ಕೂಡ್ರಿಸಿದ್ರ ನಡುಕ ಹತ್ತತದ. ಮಕ್ಕಳಿಗೆ ಏನ್ಮಾಡ್ತೀವಿ? ಹಣಿಗೆ ತಣ್ಣೀರು ಬಟ್ಟಿ. ಸಾವಕಾಶ ಇಳೀತೈತಿ."

"ತಗೋ, ಇಡ್ಲಿ ಬಟ್ಟಿ," ಅಂದಳು ಬಸಕ್ಕ. "ಆದ್ರ ಸಂಜಿಗೆ ವಾಪಸ್ ಬರ್ಬೇಕು ತಮ್ಮಾ."

ಮೂರು ವಾಲ್ವಿಗೂ ಒದ್ದೆ ಬಟ್ಟೆಯ ಪೇಟ ಬಂತು. ಮೂರೂ ಮದುವೆ ಮನೆಯ ಹಿರಿಯರ ಹಾಗೆ ಕಂಡವು. ಸ್ವಲ್ಪ ಹೊತ್ತಿಗೆ ಹಾಲಿನ ವಾಲ್ವು ಕಿರ್ ಅಂದಿತು. ಆಮೇಲೆ ಬೆಡ್‌ರೂಮಿನದು. ಆಮೇಲೆ ಅಡಿಗೆಮನೆಯದು. ಬಿಸಿನೀರು ಗುಳುಗುಳು ಹರಿಯಿತು. ಸಿದ್ರಾಮ ಕಾಲರ್ ಎತ್ತಿಕೊಂಡ.

ಮೇಡಂ ಬರುವುದು ತಡವಾಯಿತು. ಕಾರು ಬೊಮ್ಮಸಂದ್ರದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತ್ತು. ಇತ್ತ ರೇಡಿಯೇಟರುಗಳು ಕಾದವು, ಗೋಡೆಗಳು ಕಾದವು. ವಾಲ್ವಿಗೆ ಮಾತ್ರ ತಲೆಯ ಮೇಲಿನ ತಂಪಲ್ಲದೆ ಬೇರೇನೂ ಗೊತ್ತಿಲ್ಲ.

"ಸ್ವಲ್ಪ ಕಮ್ಮಿ ಮಾಡ್ಲಾ?" ಅಂದ ಈರೇಶ, ಬನಿಯನ್ ಹಿಂಡುತ್ತ.

"ಹತ್ತಿದ ಒಲಿ ಆರಿಸ್ತಾರೇನೋ ಯಾರರ? ಮತ್ತ ಹತ್ತಲಿಲ್ಲಂದ್ರ?" ಅಂದ ಕಾಡಪ್ಪ. ಬಟ್ಟೆ ಒಣಗಿದಂತೆಲ್ಲ ಬಸಕ್ಕ ನೀರು ಚಿಮುಕಿಸಿದಳು.

ಕೊನೆಗೆ ಬಾಗಿಲು ತೆರೆದಾಗ ಒಳಗಿನಿಂದ ಬಂದ ಹಬೆಗೆ ಶ್ರೀಧರ್ ಅವರ ಕನ್ನಡಕ ಬೆಳ್ಳಗಾಯಿತು. ನೆಲದ ಮೇಲೆ ಮೀನಿನ ನೀರು. ಮೇಡಂ ಮೂಗು ಮುಚ್ಚಿಕೊಂಡು ಒಳಗೆ ಬಂದು, ಪೇಟ ಸುತ್ತಿಕೊಂಡ ವಾಲ್ವಿನ ಮುಂದೆ ನಿಂತರು. ಇಂಗ್ಲಿಷಿನಲ್ಲಿ ಏನೋ ಕೇಳಿದರು.

"ಇದರ ತಲೆಗೆ ಬಟ್ಟೆ ಯಾಕೆ ಅಂತ ಕೇಳ್ತಿದಾರೆ," ಅಂದಳು ರಕ್ಷಿತಾ, ಹಲ್ಲು ಕಚ್ಚಿಕೊಂಡು.

"ಜ್ವರ ಇತ್ರಿ ಮೇಡಂ," ಅಂತ ಹಿಂದಿನಿಂದ ಸಿದ್ರಾಮನ ದನಿ ಬಂತು.

ಈರೇಶ ತಲೆ ತಗ್ಗಿಸಿ ಐಸಿನಿಂದ ಇಡ್ಲಿ ಬಟ್ಟೆಯ ತನಕ ಎಲ್ಲ ಹೇಳಿದ. ರಕ್ಷಿತಾ ಹಣೆ ಚಚ್ಚಿಕೊಂಡಳು.

"ಕೋಣೆ ಬಿಸಿ ಇದ್ರೆ ಮುಚ್ಕೊಂಡಿರೋದೇ ಇದರ ಕೆಲಸ ಕಣ್ರೀ ಈರೇಶ್. ಸುಮ್ನೆ ಇಂಧನ ಹಾಳಾಗಬಾರ್ದು ಅಂತಾನೇ ಜನ ಇದನ್ನ ತಗೊಳ್ಳೋದು. ಬೆಳಗಿಂದ ನೀವು ಕೈಕಟ್ಕೊಂಡು ಕೂತಿದ್ರೆ ಸಾಕಿತ್ತು, ಪಾಸಾಗ್ತಿದ್ವಿ."

ನಾಲ್ಕು ವರ್ಷ ಈರೇಶ ಕೆಲಸ ಕದ್ದವನಲ್ಲ. ಕದಿಯಬೇಕಾಗಿದ್ದ ಒಂದೇ ಒಂದು ದಿನ ಮೈಮುರಿದು ದುಡಿದಿದ್ದ.

ಮೇಡಂ ಹಾಲಿನ ವಾಲ್ವಿನ ಬಟ್ಟೆ ಬಿಚ್ಚಿದರು. ಕೊಂಚ ಹೊತ್ತಿಗೆ ವಾಲ್ವಿಗೆ ಕೋಣೆಯ ಕಾವು ತಟ್ಟಿತು. ಕಿರ್ ಅಂತ ಮುಚ್ಚಿಕೊಂಡಿತು. ಬಟ್ಟೆ ಬಿಚ್ಚಿದ ಮೇಲೆ ಬೆಡ್‌ರೂಮಿನದೂ ಹಾಗೇ. ಅಡಿಗೆಮನೆಯದೂ ಹಾಗೇ. ಮೇಡಂ ನಕ್ಕರು. ಉದ್ದಕ್ಕೆ ಏನೋ ಹೇಳಿದರು.

"ಅವರ ಅತ್ತೆ ಇದರ ಮೇಲೇ ಕಾಲುಚೀಲ ಒಣಗಿಸಿ, ವಾಲ್ವು ಕೆಟ್ಟೋಯ್ತು ಅಂತ ಜಗಳಕ್ಕೆ ಬರ್ತಾರಂತೆ," ಅಂತ ರಕ್ಷಿತಾ ಬಿಡಿಸಿ ಹೇಳಿದಳು. "ಕಂಪನಿಯೋರು ಯಾವಾಗ್ಲೂ ಚೆನ್ನಾಗಿ ಒರೆಸಿಟ್ಟು ತೋರಿಸ್ತಾರೆ, ಮನೆಯೋರ ಥರ ಗೋಳು ಹುಯ್ಕೊಂಡಿದ್ದು ಇವನೊಬ್ಬನೇ ಅಂತಿದಾರೆ. ಇಷ್ಟಾದ್ರೂ ಕೆಡ್ಲಿಲ್ವಲ್ಲ ಅಂತ ಖುಷಿ. ಇವನು ನಿಮ್ಮ ಕಂಪನಿಯೋನಾ ಅಂತ ಕೇಳ್ತಿದಾರೆ ಸಾರ್."

ಶ್ರೀಧರ್ ಬೆಚ್ಚಿದರು. ಈ ಮೀನಿನ ವಾಸನೆಯ ಹೊಣೆ ಯಾರಿಗೆ ಬೇಕು? "ಛೆ ಛೆ, ಕಾಂಟ್ರಾಕ್ಟ್ ಅವನು. ನಮಗೂ ಅವನಿಗೂ ಸಂಬಂಧಾನೇ ಇಲ್ಲ."

ಮೇಡಂ ಮುಖ ಇನ್ನೂ ಅರಳಿತು. ಅಲ್ಲೇ ಐದು ವರ್ಷದ ಆರ್ಡರಿಗೆ ಸಹಿ ಬಿತ್ತು. ಒಂದೇ ಒಂದು ಷರತ್ತು: ಪ್ರತಿ ಸಲ ಮಾಲು ಹೊರಡುವ ಮೊದಲು ಈರೇಶ ಅದನ್ನು ಹೀಗೇ ಗೋಳು ಹುಯ್ದುಕೊಂಡು ನೋಡಬೇಕು. ಮತ್ತು ಆ ಪರೀಕ್ಷೆಯನ್ನು ನಂಬಬೇಕಾದರೆ, ಪರೀಕ್ಷೆ ಮಾಡುವವನು ಎಂದಿಗೂ ಕಂಪನಿಯ ನೌಕರನಾಗಿರಬಾರದು.

ಕಾರು ಹೊರಟ ಮೇಲೆ ಈರೇಶ ಮೆಲ್ಲಗೆ ಕೇಳಿದ. "ಸಾರ್, ಆರ್ಡರ್ ಸಿಕ್ತಲ್ಲ. ಪರ್ಮನೆಂಟು?"

"ನಾನೂ ಅದನ್ನೇ ಯೋಚಿಸ್ತಿದೀನಪ್ಪ," ಅಂದರು ಶ್ರೀಧರ್, ಕನ್ನಡಕ ಒರೆಸುತ್ತ. "ಮಾಡ್ಕೊಂಡ್ರೆ ಆರ್ಡರ್ ಹೋಗತ್ತೆ."

ಬಸಕ್ಕನಿಗೆ ಅರ್ಥವಾಗಲಿಲ್ಲ. "ಒಳ್ಳೇದಾತೋ ಕೆಟ್ಟದಾತೋ ತಮ್ಮಾ?"

ಈರೇಶ ಇಡ್ಲಿ ಬಟ್ಟೆಗಳನ್ನು ಹಿಂಡಿ ಅವಳ ಕೈಗೆ ಕೊಟ್ಟ. ಆಮೇಲೆ ಅವನ ಮುಖದಲ್ಲಿ ನಗೆ ಮೂಡಿತು.

"ಐದು ವರ್ಷ ಇವ್ರು ನನ್ನ ತೆಗ್ಯಾಂಗಿಲ್ಲಕ್ಕ," ಅಂದ. "ಸೇರಿಸ್ಕೊಳ್ಳಾಂಗೂ ಇಲ್ಲ."