ಕಂಪ್ಯೂಟರಿಗೆ ದೃಷ್ಟಿ

ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನ ಮೂರನೇ ಕೋಣೆಯ ಬಾಗಿಲಿನಿಂದ ಆರು ಹೆಜ್ಜೆ ದೂರ, ಕಂಪ್ಯೂಟರಿನ ಮೇಜಿಗೆ ಬಲಗೈ ಊರಿ ನಿಂತಿದ್ದೆ. ಅಮಾವಾಸ್ಯೆ, ಮಧ್ಯಾಹ್ನ ಮೂರೂ ಹತ್ತು. ನಮ್ಮ ಸೋದರಮಾವನನ್ನು ಅವನದೇ ಸ್ಟೋರೇಜಿನಲ್ಲಿ ಅವನದೇ ಕಂಪ್ಯೂಟರು ಮೆಣಸಿನಕಾಯಿ ಚೀಲಗಳ ಜೊತೆ ಒಳಗೆ ಕೂಡಿಹಾಕಿತ್ತು!

ಮಾವನ ಹುಚ್ಚು ಒಂದೇ: ಯಂತ್ರ ತನ್ನನ್ನು ತಾನೇ ನೋಡಿಕೊಳ್ಳಬೇಕು. ತಂಪು, ಬಾಗಿಲು, ಬೀಗ ಎಲ್ಲ ಕಂಪ್ಯೂಟರಿನ ಕೈಗೆ ಕೊಟ್ಟಿದ್ದ. ಅದಕ್ಕೊಂದು ವಿನ್ಯಾಸ. ಒಂದು ಭಾಗ ನೋಡುವುದು, ಇನ್ನೊಂದು ವಿಚಾರ ಮಾಡುವುದು, ಮತ್ತೊಂದು ಉಪಾಯ ಹೂಡುವುದು, ಕೊನೆಯದು ಮಾಡುವುದು, ಮತ್ತೆ ಮೊದಲಿನಿಂದ. ಈ ಸುತ್ತನ್ನು ಅಡುಗೆಮನೆಯ ಗೋಡೆಗೂ ಬರೆದು ಅತ್ತೆಗೆ ಪಾಠ ಹೇಳಿದ್ದ.

"ನೋಡೂದು ನಾನು, ವಿಚಾರ ಮಾಡೂದು ನಾನು, ಮಾಡೂದೂ ನಾನು. ಮತ್ತ ನೀವು ಯಾಕ್ರಿ?" ಎಂದಿದ್ದಳು ಅತ್ತೆ.

ಮನುಷ್ಯರ ಕೈ ಬಿದ್ದರೆ ಕೆಡುತ್ತದೆಂದು ಬಾಗಿಲಿನ ಹಿಡಿಕೆಗಳನ್ನೂ ಕೀಳಿಸಿದ್ದ. ಕರೆಂಟು ತೆಗೆದರೂ ಬೀಗ ಬ್ಯಾಟರಿಯ ಮೇಲೆ ಗಟ್ಟಿ. ಅತ್ತೆ ಮಾತ್ರ ಅಮಾವಾಸ್ಯೆಗೊಮ್ಮೆ ಕೆಂಡದ ಮೇಲೆ ಮೆಣಸಿನಕಾಯಿ ಸುಟ್ಟು ಆ ಕಂಪ್ಯೂಟರಿಗೆ ದೃಷ್ಟಿ ತೆಗೆಯುತ್ತಿದ್ದಳು. ಹಿಂದಿನ ಸಲ ಮಾವ ಕೂಗಾಡಿದ್ದ: "ಹೊಗಿ ಕಂಡ್ರ ಬೆಂಕಿ ಬಿತ್ತಂತ ತಿಳದು ಎಲ್ಲಾ ಬಾಗಲಾ ತಗೀತೈತಿ! ಇನ್ನ ಮ್ಯಾಲ ಇಲ್ಲಿ ಹೊಗಿ ಹಾಕಬ್ಯಾಡ!"

ಆ ದಿನ ಮಾವ ತೆಳು ಅಂಗಿಯಲ್ಲೇ ಒಳಹೊಕ್ಕು, ಬಾಗಿಲು ತೆರೆದಿಟ್ಟು ಚೀಲ ನೋಡುತ್ತ ನಿಂತ. ಕೋಣೆಯ ಕಾವು ಏರಿತು. ಕಂಪ್ಯೂಟರು ನೋಡಿತು, ವಿಚಾರ ಮಾಡಿತು, ಬಾಗಿಲು ಮುಚ್ಚಿ ಬೀಗ ಹಾಕಿತು. ಪರದೆಯ ಮೇಲೆ ಬಂತು: "ತೊಂದರೆ ತಾನಾಗಿ ನಿವಾರಣೆಯಾಗಿದೆ."

ತೊಂದರೆ ಯಾರು? ಮಾವ! ಪಾಸ್‌ವರ್ಡ್ ಅವನ ತಲೆಯಲ್ಲಿ, ತಲೆ ಒಳಗೆ.

ಅವನಿಗೆ ಉಬ್ಬಸ. ಹೊರಗೆ ನಾನು, ಅತ್ತೆ, ಹಮಾಲ ಮೆಹಬೂಬಣ್ಣ. ಮೆಹಬೂಬಣ್ಣ ಹಾರೆಯಿಂದ ಮೀಟಿದ; ಬಾಗಿಲು ಅಲುಗಲಿಲ್ಲ. ಮಾವ ಒಳಗಿನಿಂದ ಬಾಗಿಲು ಬಡಿಯುವುದನ್ನು ಎಣಿಸಿದೆ. ನಾಲ್ಕು. ಆಮೇಲೆ ಎರಡು. ಆಮೇಲೆ ಇಲ್ಲ.

"ಮೆಹಬೂಬಣ್ಣಾ, ಹಾರಿ ಬಿಡು. ಚಾದ ಒಲ್ಯಾಗಿನ ಕೆಂಡ ತಾ, ಲಗೂ!" ಎಂದಳು ಅತ್ತೆ.

"ಅಕ್ಕಾರ, ಇದು ದೃಷ್ಟಿ ತಗಿಯೂ ಹೊತ್ತೇನ್ರಿ?"

"ಅವರು ಮಾಡಬ್ಯಾಡ ಅಂದದ್ದನ್ನ ಈಗ ಮಾಡಬೇಕು. ತಾ!"

ಕೆಂಡ ಬಂತು. ಹೊರಗಿದ್ದ ಒಂದು ಚೀಲ ಹರಿದು ಎರಡು ಬೊಗಸೆ ಮೆಣಸಿನಕಾಯಿ ಅದರ ಮೇಲೆ ಸುರಿದಳು. ಹೊಗೆ ಎದ್ದಿತು. ಮೂರೂ ಇಪ್ಪತ್ತಾರಕ್ಕೆ ಎಲ್ಲ ಬಾಗಿಲೂ ಒಮ್ಮೆಲೇ ತೆರೆದವು. ಬಾಗಿಲಿಗೆ ಒರಗಿ ಕುಳಿತಿದ್ದ ಮಾವ ಹೊರಕ್ಕೆ ಉರುಳಿದ. ತುಟಿ ನೀಲಿ. ನಾವು ಎಳೆದು ಗಾಳಿಗೆ ತಂದೆವು. ಅವನು ಒಂದು ಸೀನು ಸೀನಿದ. ಅಷ್ಟು ಸುಖದ ಸದ್ದನ್ನು ನಾನು ಮತ್ತೆ ಕೇಳಿಲ್ಲ!

"ಯಾರ... ಹೊಗಿ ಹಾಕಿದವ್ರು?"

"ನಾನ ರೀ. ಬೈರಿ," ಎಂದು ಅತ್ತೆ ಅಳಲು ಕುಳಿತಳು.

ಹಿಡಿಕೆಗಳು ಮರುದಿನವೇ ವಾಪಸು ಬಂದವು. ಅತ್ತೆ ತೀರಿಕೊಂಡು ಎರಡು ವರ್ಷವಾಯಿತು. ಈಗ ಅಮಾವಾಸ್ಯೆಗೊಮ್ಮೆ ಮಾವನೇ ಕೆಂಡ ತಂದು ಕಂಪ್ಯೂಟರಿಗೆ ದೃಷ್ಟಿ ತೆಗೆಯುತ್ತಾನೆ. ಬಾಗಿಲು ತೆರೆಯುವವರೆಗೆ ಅಲ್ಲೇ ನಿಂತಿರುತ್ತಾನೆ. ಕೇಳಿದರೆ, "ಟೆಸ್ಟಿಂಗ್," ಎಂದು ಕಣ್ಣು ಒರೆಸಿಕೊಳ್ಳುತ್ತಾನೆ.

ಆ ದಿನ ಬಾಗಿಲ ಹೊರಗೆ ನಿಂತು ಕಂಡವರು ಮೂವರು. ಈಗ ಇರುವವರು ನಾನು ಮತ್ತು ಮೆಹಬೂಬಣ್ಣ.