ಹತ್ತಕ್ಕೆ ಎರಡು ಅಂಕ ಪಡೆದ ರಟ್ಟಿನ ಮನೆ

ಮೂರನೇ ತರಗತಿಯ ಮಾನ್ಯ ಕ್ಲಾಸ್ ಟೀಚರ್ ಅವರೇ,

ಕೆಂಪು ಪೆನ್ನಿನ ಒಡತಿಯಾದ ತಮಗೆ, ಇನ್ನೂ ಗೋಂದು ಬಿಡದ ಈ ಕೈಗಳ ಸಾವಿರ ನಮಸ್ಕಾರಗಳು. ಪತ್ರದ ಇನ್ನೊಂದು ಪ್ರತಿಯನ್ನು ಎಲ್ಲ ಪೋಷಕರೂ ಓದಲೆಂದು ಶಾಲೆಯ ನೋಟಿಸ್ ಬೋರ್ಡಿಗೆ ಅಂಟಿಸಿದ್ದೇನೆ.

ನನಗೆ ಮದುವೆಯಾಗಿ ಏಳು ವಾರ. ಬಲು ಒಳ್ಳೆಯ ಗಂಡ ಸಿಕ್ಕಿದ್ದಾರೆ (ಎಷ್ಟು ಒಳ್ಳೆಯವರೆಂದು ಬರೆಯಹೊರಟರೆ ಪತ್ರ ದಾರಿ ತಪ್ಪುತ್ತದೆ), ಜೊತೆಗೆ ಅವರ ಎಂಟು ವರ್ಷದ ಮಗಳೂ. ಅವಳು ನನ್ನನ್ನು ಆಂಟಿ ಎನ್ನುತ್ತಾಳೆ. ತಪ್ಪೇನಿಲ್ಲ, ಪಕ್ಕದ ಮನೆಯವರನ್ನೂ ಹಾಗೇ ಕರೆಯುತ್ತಾಳೆ.

ಅಂಥದ್ದರಲ್ಲಿ ತಾವು 'ನಮ್ಮ ಮನೆ' ಮಾದರಿ ಮಾಡಿಸಲು ಹೇಳಿ ಕಳಿಸಿದಿರಿ. ಪೋಷಕರ ನೆರವು ಮಿತವಾಗಿರಲಿ ಎಂದಿದ್ದಿರಿ, ಮಿತವೆಂದರೆ ಎಷ್ಟೆಂದು ಹೇಳಿರಲಿಲ್ಲ. ಮಗಳ ಮನಸ್ಸು ಗೆಲ್ಲುವ ಹುಮ್ಮಸ್ಸಿನಲ್ಲಿ ನಾನು ಎರಡು ಭಾನುವಾರ ಕೂತು ತೆರೆದು ಮುಚ್ಚುವ ಕಿಟಕಿ, ಬೆಂಕಿಕಡ್ಡಿಯ ಕಪಾಟು, ಗುಂಡಿ ಒತ್ತಿದರೆ ಹತ್ತುವ ಬಲ್ಬು ಎಲ್ಲ ಮಾಡಿದೆ. 'ನಾನೂ ಒಂದು ಅಂಟಿಸ್ಲಾ?' ಎಂದು ಅವಳು ಕೇಳಿದಾಗ ಬಾಗಿಲ ಮುಂದಿನ ಕಾಲೊರಸು ಮಾತ್ರ ಕೊಟ್ಟೆ. ಸೊಟ್ಟಗೆ ಅಂಟಿಸಿದಳು. ಅವಳು ಆಡಲು ಹೋದಾಗ ನೆಟ್ಟಗೆ ಮಾಡಿಟ್ಟೆ.

ತಾವು ಹತ್ತಕ್ಕೆ ಎರಡು ಕೊಟ್ಟು, ಡೈರಿಯಲ್ಲಿ ಹೀಗೆ ಬರೆದಿರಿ: "ಬಲ್ಬು ಹೇಗೆ ಹತ್ತುತ್ತದೆ ಎಂದರೆ ಮಗುವಿಗೆ ಗೊತ್ತಿಲ್ಲ. 'ನಂಗೊತ್ತಿಲ್ಲ ಟೀಚರ್, ಇದನ್ನ ನಮ್ಮಮ್ಮ ಮಾಡಿದ್ದು' ಎಂದು ಅವಳೇ ಒಪ್ಪಿದ್ದಾಳೆ."

ನಮ್ಮಮ್ಮ! ನಾಲ್ಕು ಸಲ ಓದಿದೆ. ಗಂಡನನ್ನು ಸ್ನಾನದ ಮನೆಯಿಂದ ಹೊರಗೆ ಕರೆದು ಓದಿಸಿದೆ.

ಆದರೆ ಮನೆಯಲ್ಲಿ ನಾನಿನ್ನೂ ಆಂಟಿಯೇ. ಆದ್ದರಿಂದ ತಾವು ವಾರಕ್ಕೊಮ್ಮೆಯಾದರೂ ನನ್ನ ಮೇಲೆ ಹೀಗೇ ದೂರು ಬರೆದು, ಅವಳ ಮಾತನ್ನು ಇದ್ದಂತೆಯೇ ದಾಖಲಿಸಿ, ಮುಖ್ಯೋಪಾಧ್ಯಾಯರ ಮೊಹರು ಹಾಕಿಸಿ ಕಳಿಸಬೇಕಾಗಿ ಪ್ರಾರ್ಥನೆ. ಆ ಎರಡು ಅಂಕ ನನ್ನವು, ದಯವಿಟ್ಟು ನನ್ನ ಹೆಸರಿಗೆ ವರ್ಗಾಯಿಸಿ. ಅವಳಿಗೆ ಕಾಲೊರಸಿಗೆಂದೇ ಬೇರೆ ಅಂಕ ಕೊಡಿ. ನಿನ್ನೆ ಅದನ್ನು ಕಿತ್ತು ಅವಳ ಕೈಗೇ ಕೊಟ್ಟೆ. ಮೊದಲಿಗಿಂತ ಸೊಟ್ಟಗೆ ಅಂಟಿಸಿ, "ಈ ಸಲ ಮುಟ್ಬೇಡಿ" ಎಂದಳು. ಮುಟ್ಟಿಲ್ಲ.

ತಮ್ಮ ವಿಶ್ವಾಸಿ,
ಡೈರಿಯ 'ತಾಯಿಯ ಸಹಿ' ಎಂಬಲ್ಲಿ ಮೊದಲ ಬಾರಿ ಸಹಿ ಹಾಕಿದವಳು

ತಾ.ಕ.: ಹತ್ತಕ್ಕೆ ಹತ್ತು ಪಡೆದ, ಅಂಗಳದಲ್ಲಿ ತೂಗುಸೇತುವೆಯೂ ಇದ್ದ 'ನಮ್ಮ ಮನೆ' ಭವ್ಯವಾಗಿತ್ತು. ಅದನ್ನು ಹೊತ್ತು ತಂದು, ಮಗನಿಗೂ ಮುಟ್ಟಗೊಡದೆ ಕಾವಲು ನಿಂತಿದ್ದ ಮೀಸೆಯ ವಿದ್ಯಾರ್ಥಿಗೆ ನನ್ನ ಅಭಿನಂದನೆ ತಿಳಿಸಿ. ನಾಲ್ಕನೇ ತರಗತಿಗೆ ಅವರು ಖಂಡಿತ ಪಾಸಾಗುತ್ತಾರೆ.