ಬೆಳ್ಳಕ್ಕಿಗೆ ಬಿಟ್ಟ ಮದ್ದು

ಉದಯನಿಗೆ ಮಾತು ಕಡಿಮೆ. ಆ ದಿನದ ಫಜೀತಿಗೆಲ್ಲ ಅದೇ ಮೂಲ.

ಸವಣೂರಿನ ವಾಚನಾಲಯ ನೋಡಿಕೊಳ್ಳುತ್ತಿದ್ದ ಅವನು ಒಂದು ತಿಂಗಳಿಂದ ಇಪ್ಪತ್ತೆರಡು ಮನೆಗಳ ಅಡುಗೆಮನೆ ಕಸ ಬೇಡಿ ತಂದಿದ್ದ. ಹಲಸಿನ ಸಿಪ್ಪೆ, ಕಾಫಿ ಚರಟ ಎಲ್ಲವನ್ನೂ ಕೊಚ್ಚಿ, ಬೇಯಿಸಿ, ಅಣಬೆ ಬೀಜ ಬೆರೆಸಿ, ಹೊರಗೋಡೆಯ ಹಲಗೆಯ ಮೇಲೆ ಆಳೆತ್ತರದ ಹಕ್ಕಿಯ ಆಕಾರದಲ್ಲಿ ಮೆತ್ತಿದ್ದ. "ಎಂತಕ್ಕೆ ಮಾರಾಯ ಇದು?" ಎಂದವರಿಗೆಲ್ಲ ಒಂದೇ ಉತ್ತರ: "ನೋಡುವ."

ಅಂದು ಬೆಳಿಗ್ಗೆ ಹತ್ತಿಯಂಥ ಬಿಳಿ ಬೂಷ್ಟು ಹಬ್ಬಿ, ಒಂಟಿಕಾಲಿನ ಬೆಳ್ಳಕ್ಕಿ ಮೂಡಿ ನಿಂತಿತ್ತು. ಮಧ್ಯಾಹ್ನ ಪುತ್ತೂರಿನಿಂದ ಗೋಡೆಕಲೆ ಪರಿಶೀಲಿಸುವ ಶಾಂಭವಿ ಮೇಡಂ ಬಂದು ಮೆಚ್ಚಿದರೆ ಗೋಡೆ ಊರಿನ ಕಲೆಗೆ ಉಳಿಯುತ್ತದೆ. ಇಲ್ಲವಾದರೆ ಸಿಮೆಂಟಿನ ಜಾಹೀರಾತಿಗೆ ಹೋಗುತ್ತದೆ.

ಮೊದಲು ಬಂದದ್ದು ಪಕ್ಕದ ಮನೆಯ ಕದೀಜಮ್ಮ, ಕೈಯಲ್ಲಿ ಹಿಡಿಸೂಡಿ.

"ಬೂಷ್ಟು ಬಂದಿದೆಯಲ್ಲ ಮಗಾ. ಇದರಲ್ಲಿ ನಮ್ಮ ಮನೆಯ ಕಸವೂ ಉಂಟು, ನಮಗೇ ಮರ್ಯಾದೆ ಕೇಡು. ಉಜ್ಜಿ ಕೊಡ್ಲಾ?"

"ಬೇಡ."

ಯಾಕೆ ಬೇಡವೆಂದು ಹೇಳಲಿಲ್ಲ. ಅವಳ ಕೈಯಿಂದ ಹಿಡಿಸೂಡಿ ತೆಗೆದುಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕಿ, ಮೇಡಂ ಅವರನ್ನು ಕರೆತರಲು ಬಸ್ ನಿಲ್ದಾಣದ ಕಡೆ ನಡೆದ. ಬಸ್ಸು ಒಂದೂವರೆ ಗಂಟೆ ತಡ.

ಅಷ್ಟರಲ್ಲಿ ಕದೀಜಮ್ಮ ದೇರಣ್ಣನಿಗೆ ಸುದ್ದಿ ಮುಟ್ಟಿಸಿಯಾಗಿತ್ತು. ನಲವತ್ತು ವರ್ಷ ಅಡಿಕೆಗೆ ಮದ್ದು ಬಿಟ್ಟ ದೇರಣ್ಣನಿಗೆ ಬೂಷ್ಟು ಕಂಡರೆ ಬೆಕ್ಕಿಗೆ ಇಲಿ ಕಂಡ ಹಾಗೆ.

ಉದಯ ಮೇಡಂ ಜೊತೆ ಮರಳಿದಾಗ ದೇರಣ್ಣ ಬೆನ್ನಿನ ಪಂಪು ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದ. ಬೆಳ್ಳಕ್ಕಿ ಕೊಕ್ಕಿನಿಂದ ಕಾಲಿನವರೆಗೆ ನೀಲಿಯಾಗಿತ್ತು.

"ಗೋಡೆಗೆ ಕೊಳೆರೋಗ ಶುರುವಾಗಿತ್ತು ಉದಯ. ಮೈಲುತುತ್ತು, ಸುಣ್ಣ ಹಾಕಿ ಎರಡು ಸುತ್ತು ಬಿಟ್ಟಿದ್ದೇನೆ. ಇನ್ನು ಹೆದರುದು ಬೇಡ."

ಉದಯ ಬಾಯಿ ತೆರೆದ. ಜೀವನದಲ್ಲಿ ಮೊದಲ ಸಲ ಹೇಳಲು ಬಹಳ ಇತ್ತು. ಯಾವುದರಿಂದ ಶುರು ಮಾಡುವುದೆಂದು ತಿಳಿಯದೆ ಮುಚ್ಚಿದ.

ಶಾಂಭವಿ ಮೇಡಂ ಹತ್ತಿರ ಹೋಗಿ ನೋಡಿದರು, ದೂರ ಬಂದು ನೋಡಿದರು.

"ಕಸದಿಂದ ನವಿಲು," ಎಂದರು ಮೆಲ್ಲಗೆ. "ಈ ನೀಲಿ ಯಾರ ಕೆಲಸ?"

"ನಂದೇ," ಎಂದ ದೇರಣ್ಣ, ಎತ್ತಿ ಕಟ್ಟಿದ ಮುಂಡು ಇಳಿಸುತ್ತ.

"ಇವರು?" ದಾರಿಯಲ್ಲಿ ತನ್ನ ಬಗ್ಗೆ ಏನೂ ಹೇಳದಿದ್ದ ಉದಯನ ಕಡೆ ಮೇಡಂ ತಿರುಗಿದರು.

"ಅವ ಪಾಪದವ. ಕಸ ತಂದು ಹಾಕುದು."

ಗೋಡೆ ಉಳಿಯಿತು. ಫಲಕಕ್ಕೆಂದು ಮೇಡಂ ಬರೆದುಕೊಂಡರು: ಕಲಾವಿದ ದೇರಣ್ಣ, ಕೆಳಗೆ ಕಸ ಕೊಟ್ಟ ಇಪ್ಪತ್ತೆರಡು ಮನೆಗಳು. ಅದರಲ್ಲೂ ಉದಯನ ಹೆಸರಿರಲಿಲ್ಲ. ಹೋಟೆಲಿನಲ್ಲಿ ಉಣ್ಣುವವನ ಮನೆಯಲ್ಲಿ ಕಸ ಎಲ್ಲಿಂದ?

ಮರುದಿನ ಬೆಳಿಗ್ಗೆ ವಾಚನಾಲಯದ ಬಾಗಿಲಿಗೆ ದಾರಿಯೇ ಇರಲಿಲ್ಲ. ಯಾರೂ ಕೇಳದೆ ಊರವರೇ ತಂದಿಟ್ಟ ಕಸದ ಬಕೆಟುಗಳು, ಮೂವತ್ತಕ್ಕೂ ಹೆಚ್ಚು. ಅವುಗಳ ನಡುವೆ ದೇರಣ್ಣ, ಸ್ವಲ್ಪ ಸಂಕೋಚದಿಂದ.

"ಮೇಡಂ ಇನ್ನೊಂದು ಮಾಡ್ಲಿಕ್ಕೆ ಹೇಳಿದ್ದಾರೆ. ನಾನು ಈ ಸಲ ಬೆಳ್ಳಕ್ಕಿ ಮಾಡುವ ಅಂತ. ಆದರೆ ಬಿಳಿ ಬಣ್ಣದ ಮದ್ದು ಎಲ್ಲಿ ಸಿಗ್ತದೆ ಮಾರಾಯ?"

ಉದಯ ಹತ್ತಿರದ ಬಕೆಟು ಎತ್ತಿಕೊಂಡ.

"ನೋಡುವ," ಎಂದ.